ಉದ್ಯಾಪನೆಯಿಲ್ಲದ ವ್ರತ

ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಿನ ಕನ್ನಡಿಗರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಸಂಧ್ಯಾವಂದನೆ ಶುರುವಾಗಿದೆ. ಇದಕ್ಕೆ ಪಂಚಪಾತ್ರೆ ಉದ್ಧರಣೆ ಬೇಡ, ಜಾತಿ ಲಿಂಗದ ಕಟ್ಟಳೆಯೂ ಇಲ್ಲ. ಕಾಲದ ಕಟ್ಟಳೆ ಮಾತ್ರ ಬಲು ಬಿಗಿ: ನಡುರಾತ್ರಿ ಹನ್ನೆರಡು ಹೊಡೆಯುವುದರೊಳಗೆ ಮುಗಿಯಬೇಕು. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಯಜಮಾನರು ಪೈಜಾಮದಲ್ಲಿ ಊಟದ ಮೇಜಿಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ. ಕೈಗಡಿಯಾರದ ಪ್ರಕಾರ 9,640 ಹೆಜ್ಜೆ ಆಗಿದೆ, ಇನ್ನು 360 ಬಾಕಿ. ಮಹಡಿಯ ಮೇಲೆ ಮಗಳು ಅರೆಗಣ್ಣಿನಲ್ಲಿ ಸ್ಪ್ಯಾನಿಷ್ ಪಾಠದ ಆ್ಯಪ್ ಒತ್ತುತ್ತಿದ್ದಾಳೆ, ಆರುನೂರು ದಿನಗಳ ಸರಪಳಿ ಇವತ್ತು ಕಡಿದುಹೋದೀತೆಂಬ ಭಯಕ್ಕೆ. ಯಜಮಾನತಿ ಮತ್ತೊಂದು ಆ್ಯಪ್‌ನಲ್ಲಿ ನೀರು ಕುಡಿದದ್ದಕ್ಕೆ, ಧ್ಯಾನ ಮಾಡಿದ್ದಕ್ಕೆ, ಯಾರಿಗೋ ಮನಸ್ಸಿನಲ್ಲೇ ಕೃತಜ್ಞತೆ ಹೇಳಿದ್ದಕ್ಕೆ ಒಂದೊಂದು ಟಿಕ್ ಹಾಕುತ್ತಿದ್ದಾರೆ. ಗುರಿ ಮುಟ್ಟಿದ ಕೂಡಲೇ ಪರದೆಯ ಮೇಲೆ ಬಣ್ಣದ ಕಾಗದದ ಚೂರು ಉದುರುತ್ತವೆ. ಆಮೇಲೆ ನಿದ್ದೆ.

ಇದಕ್ಕೆ ಇಂಗ್ಲಿಷಿನಲ್ಲಿ ಗೇಮಿಫಿಕೇಶನ್ ಎನ್ನುತ್ತಾರೆ. ಬೇಸರದ ಕೆಲಸಕ್ಕೆ ಅಂಕ, ಪದಕ, ಮಟ್ಟ, ಪಟ್ಟಿ ಹಚ್ಚಿ ಅದನ್ನು ಆಟದಂತೆ ಮಾಡುವುದು. ಇದಕ್ಕೆ ಸಂಸ್ಕೃತದ ಎರಡು ಧಾತು ಕೂಡಿಸಿ ಕನ್ನಡ ಪದ ಹುಟ್ಟಿಸುವ ಉಮೇದು ನನಗಿಲ್ಲ. ಅಂಕದಾಟ ಎನ್ನೋಣ. ಈ ಅಂಕದಾಟದ ಮೇಲೆ ನನಗೆ ಸಿಟ್ಟಿದೆ. ನಡೆಯುವುದರ ಮೇಲಾಗಲಿ ನೀರು ಕುಡಿಯುವುದರ ಮೇಲಾಗಲಿ ಸಿಟ್ಟಿಲ್ಲ. ಆಟದ ಮೇಲಂತೂ ಇಲ್ಲವೇ ಇಲ್ಲ. ಚೌಕಾಬಾರ ಆಡುತ್ತಾ ಬೆಳೆದವರು ನಾವು. ಆದರೆ ಚೌಕಾಬಾರದ ಮನೆಯನ್ನು ನಾವೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು, ಅಮ್ಮ ಊಟಕ್ಕೆ ಕರೆದರೆ ಕಾಲಿನಲ್ಲಿ ಒರೆಸುತ್ತಿದ್ದೆವು. ಈ ಹೊಸ ಆಟದ ಮನೆಯನ್ನು ಬರೆದವರು ಬೇರೆ, ಅದನ್ನು ಒರೆಸುವ ಹಕ್ಕೂ ನಮಗಿಲ್ಲ.

ಅಂಕದಾಟ ಕ್ಯಾಲಿಫೋರ್ನಿಯಾದ ಹುಡುಗರು ಮೊನ್ನೆ ಕಂಡುಹಿಡಿದದ್ದು ಎಂದು ನಂಬಿದವರು ನಮ್ಮಲ್ಲಿ ಬಹಳ. ಅದರ ತೊಟ್ಟಿಲು ನೋಡಬೇಕೆಂದರೆ ಡೆಟ್ರಾಯಿಟ್‌ನವರು ಅಷ್ಟು ದೂರ ಹೋಗಬೇಕಿಲ್ಲ. ವುಡ್‌ವರ್ಡ್ ಅವೆನ್ಯೂದಲ್ಲಿ ಹೈಲ್ಯಾಂಡ್ ಪಾರ್ಕ್ ದಾಟುವಾಗ ಫೋರ್ಡ್ ಕಂಪನಿಯ ಹಳೆಯ ಕಾರ್ಖಾನೆಯ ಉಳಿದ ಕಟ್ಟಡಗಳು ಕಾಣುತ್ತವೆ. 1913ರಲ್ಲಿ ಅಲ್ಲಿ ಮಾಡೆಲ್ ಟಿ ಕಾರಿಗೆ ಅಸೆಂಬ್ಲಿ ಲೈನ್ ಬಂತು. ಒಂದೇ ಬೋಲ್ಟನ್ನು ದಿನವಿಡೀ ತಿರುಗಿಸುವ ಕೆಲಸ ಯಾರಿಗೆ ಬೇಕು? ಜನ ಬಿಟ್ಟು ಓಡಿದರು. ಆ ವರ್ಷ ಕೆಲಸಗಾರರು ಬಿಟ್ಟುಹೋಗುವ ಪ್ರಮಾಣ ಶೇಕಡಾ 370 ಮುಟ್ಟಿತ್ತು. ಒಂದು ಜಾಗ ತುಂಬಿಡಲು ವರ್ಷಕ್ಕೆ ಮೂರು ನಾಲ್ಕು ಸಲ ಹೊಸಬರನ್ನು ಹುಡುಕಬೇಕಾಗಿತ್ತು. ಅದಕ್ಕೆ ಮದ್ದಾಗಿ 1914ರ ಜನವರಿ 5ರಂದು ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಘೋಷಿಸಿದ. ಅಲ್ಲಿಯವರೆಗೆ ಒಂಬತ್ತು ಗಂಟೆಗೆ 2.34 ಡಾಲರ್ ಇತ್ತು. ಇಷ್ಟು ಕಥೆ ಎಲ್ಲರಿಗೂ ಗೊತ್ತು, ಡೆಟ್ರಾಯಿಟ್‌ಗೆ ಬಂದ ನೆಂಟರಿಗೆ ಹೆನ್ರಿ ಫೋರ್ಡ್ ಮ್ಯೂಸಿಯಂ ತೋರಿಸುವಾಗ ನಾವೇ ಹೇಳುತ್ತೇವೆ.

ಆ 5 ಡಾಲರ್ ಇಡಿಯಾಗಿ ಸಂಬಳವಾಗಿರಲಿಲ್ಲ ಎಂಬ ಭಾಗವನ್ನು ಮಾತ್ರ ನಾವು ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚಿನದು ಲಾಭದ ಪಾಲು, ಅದು ‘ಯೋಗ್ಯ’ರಿಗೆ ಮಾತ್ರ. ಯೋಗ್ಯತೆ ಅಳೆಯಲು ಕಂಪನಿ ಸಮಾಜಶಾಸ್ತ್ರ ವಿಭಾಗ ಎಂಬುದನ್ನೇ ತೆರೆಯಿತು. ಅದರ ತನಿಖೆದಾರರು ಕೆಲಸಗಾರರ ಮನೆಮನೆಗೆ ಹೋದರು. ಮನೆ ಚೊಕ್ಕಟವಾಗಿದೆಯೇ? ಕುಡಿಯುತ್ತಾನೆಯೇ? ಬ್ಯಾಂಕಿನಲ್ಲಿ ಉಳಿತಾಯ ಎಷ್ಟು? ಮನೆಯಲ್ಲಿ ಬಾಡಿಗೆಗೆ ಹುಡುಗರನ್ನು ಇಟ್ಟುಕೊಂಡಿದ್ದಾನೆಯೇ? ಬಿಟ್ಟುಬಂದ ದೇಶಕ್ಕೆ ಹಣ ಕಳಿಸುತ್ತಾನೆಯೇ? (ನಮ್ಮ ಮೊದಲ ತಲೆಮಾರಿನ ಎಂಜಿನಿಯರುಗಳು ಐವತ್ತು ವರ್ಷ ತಡವಾಗಿ ಬಂದದ್ದು ಒಳ್ಳೆಯದಾಯಿತು, ಈ ಕೊನೆಯ ಪ್ರಶ್ನೆಯಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ.) ನಪಾಸಾದವನ ಪಾಲನ್ನು ತಡೆಹಿಡಿಯುತ್ತಿದ್ದರು. ಬೇಗ ತಿದ್ದಿಕೊಂಡರೆ ತಡೆಹಿಡಿದ ಹಣ ವಾಪಸು, ತಡವಾದಷ್ಟೂ ಕಡಿಮೆ, ಆರು ತಿಂಗಳಾದರೂ ತಿದ್ದಿಕೊಳ್ಳದಿದ್ದರೆ ಕೆಲಸದಿಂದಲೇ ವಜಾ. ಇಂಗ್ಲಿಷ್ ಬಾರದವರಿಗೆ ಕಂಪನಿಯದೇ ಶಾಲೆ. ಅದರ ಪದವಿ ಪ್ರದಾನದಲ್ಲಿ ರಂಗದ ಮೇಲೆ ಒಂದು ಭಾರೀ ಕಡಾಯಿ. ತಂತಮ್ಮ ದೇಶದ ಉಡುಪಿನಲ್ಲಿ ಒಳಗಿಳಿದವರು ಸೂಟು ತೊಟ್ಟು ಅಮೆರಿಕದ ಬಾವುಟ ಹಿಡಿದು ಹೊರಬರುತ್ತಿದ್ದರು. ಅಂಕ, ಮಟ್ಟ, ದಂಡ, ಪದಕ ಎಲ್ಲವೂ ಅಲ್ಲಿವೆ. ಇಲ್ಲದ್ದು ಫೋನ್ ಒಂದೇ.

1920ರ ದಶಕದ ಆರಂಭಕ್ಕೆ ಆ ವಿಭಾಗ ಮುಚ್ಚಿತು. ಮನೆ ಬಾಗಿಲು ತಟ್ಟುವ ತನಿಖೆದಾರನಿಗೆ ಸಂಬಳ ಕೊಡಬೇಕು, ಕೆಲಸಗಾರನಿಗೂ ಅವನನ್ನು ಕಂಡರೆ ಆಗುವುದಿಲ್ಲ. ಈಗ ಆ ತೊಂದರೆ ಇಲ್ಲ. ತನಿಖೆದಾರನನ್ನು ನಾವೇ ದುಡ್ಡು ಕೊಟ್ಟು ಕೊಂಡು ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇವೆ, ರಾತ್ರಿ ಮರೆಯದೆ ಚಾರ್ಜಿಗೆ ಹಾಕುತ್ತೇವೆ. ಇಲ್ಲಿನ ದೊಡ್ಡ ಕಂಪನಿಗಳಲ್ಲಿ ದುಡಿಯುವವರಿಗೆ ‘ವೆಲ್‌ನೆಸ್ ಪಾಯಿಂಟು’ಗಳ ಪರಿಚಯ ಮಾಡಿಕೊಡಬೇಕಿಲ್ಲ. ಇಷ್ಟು ಹೆಜ್ಜೆ ನಡೆದರೆ, ಸೊಂಟದ ಸುತ್ತಳತೆ ತುಂಬಿದರೆ, ನಿದ್ದೆಯ ಲೆಕ್ಕ ಕೊಟ್ಟರೆ ಆರೋಗ್ಯ ವಿಮೆಯ ಕಂತಿನಲ್ಲಿ ರಿಯಾಯಿತಿ. ಆರೋಗ್ಯದ ಗುರಿಗೆ ಕಟ್ಟಿದ ಇಂಥ ಯೋಜನೆಗಳಲ್ಲಿ ವಿಮೆಯ ವೆಚ್ಚದ ಶೇಕಡಾ 30ರಷ್ಟನ್ನು ಬಹುಮಾನವಾಗಿಯೋ ದಂಡವಾಗಿಯೋ ಇಡಲು ಇಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ನಮ್ಮವರು ಇದನ್ನು ಸೌಲಭ್ಯ ಎಂದು ಊರಿಗೆ ಫೋನ್ ಮಾಡಿ ಹೇಳುತ್ತಾರೆ.

ಇದರಿಂದ ಆರೋಗ್ಯವಾದರೂ ಸುಧಾರಿಸುತ್ತದೆಯೇ? ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ 2016ರಲ್ಲಿ ಶುರುಮಾಡಿದ ಒಂದು ಅಧ್ಯಯನದಲ್ಲಿ ಸುಮಾರು 5,000 ಉದ್ಯೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಇಂಥ ಯೋಜನೆ ಕೊಟ್ಟು ನೋಡಿದರು. ವೈದ್ಯಕೀಯ ಖರ್ಚಿನಲ್ಲಿ, ಜಿಮ್‌ಗೆ ಹೋಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡ ಮುಖ್ಯ ಸಂಗತಿ ಇನ್ನೊಂದು: ಇಂಥ ಯೋಜನೆಗೆ ಮುಂದಾಗಿ ಸೇರುವವರು ಮೊದಲೇ ಆರೋಗ್ಯವಂತರು, ಮೊದಲೇ ಕಡಿಮೆ ಖರ್ಚಿನವರು. ಎಂದರೆ ಬಹುಮಾನ ಹೋಗುವುದು ಹೇಗೂ ಓಡುತ್ತಿದ್ದವನಿಗೆ. ಅದರ ಭಾರ ಬೀಳುವುದು ಎರಡು ಪಾಳಿ ದುಡಿದು ಮಂಡಿನೋವಿನಲ್ಲಿ ಮನೆಗೆ ಬರುವವಳ ಮೇಲೆ.

ಇನ್ನು ಆ ಹತ್ತು ಸಾವಿರದ ಸಂಖ್ಯೆ. ಯಾವ ವೈದ್ಯನೂ ರೋಗಿಗಳನ್ನು ಪರೀಕ್ಷಿಸಿ ಹೇಳಿದ್ದಲ್ಲ ಅದು. 1965ರಲ್ಲಿ ಜಪಾನಿನ ಒಂದು ಗಡಿಯಾರದ ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತು. ಹೆಸರು ಮುಂದೆ ಶಾಸ್ತ್ರವಾಯಿತು. ಆ ಶಾಸ್ತ್ರಕ್ಕೆ ನಾವು ಊಟದ ಮೇಜು ಸುತ್ತುತ್ತಿದ್ದೇವೆ.

‘ಆದರೂ ನನಗೆ ಇದರಿಂದ ಉಪಯೋಗವಾಗಿದೆಯಲ್ಲ ಮಾರಾಯರೆ, ಇಲ್ಲದಿದ್ದರೆ ಸೋಫಾದಿಂದ ಏಳುತ್ತಲೇ ಇರಲಿಲ್ಲ’ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಆಟ ಮನುಷ್ಯನನ್ನು ಎಬ್ಬಿಸುತ್ತದೆ. ಎಬ್ಬಿಸಿದ ಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಡೆಟ್ರಾಯಿಟ್‌ನಿಂದ ಐ-94 ಹಿಡಿದು ಶಿಕಾಗೊಕ್ಕೆ ಬರಬೇಕು. 1974ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಮೈಕಲ್ ಬುರವಾಯ್ ಇಲ್ಲಿನ ಒಂದು ಎಂಜಿನ್ ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಕೂಲಿಯಾಗಿ ಸೇರಿ ಹತ್ತು ತಿಂಗಳು ದುಡಿದ. ಸೋಜಿಗವೆಂದರೆ, ಮೂವತ್ತು ವರ್ಷ ಹಿಂದೆ ಡೊನಾಲ್ಡ್ ರಾಯ್ ಎಂಬ ಇನ್ನೊಬ್ಬ ಸಂಶೋಧಕ ದುಡಿದು ಬರೆದದ್ದೂ ಅದೇ ಕಾರ್ಖಾನೆಯ ಬಗ್ಗೆ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

ಬುರವಾಯ್ ಕೇಳಿಕೊಂಡ ಪ್ರಶ್ನೆ ಸರಳ: ಕೆಲಸಗಾರರು ಯಾಕೆ ಇಷ್ಟು ಕಷ್ಟಪಟ್ಟು ದುಡಿಯುತ್ತಾರೆ? ಚಾಟಿ ಹಿಡಿದವರು ಯಾರೂ ಇರಲಿಲ್ಲ, ಕನಿಷ್ಠ ಕೂಲಿ ಹೇಗೂ ಖಾತ್ರಿ. ಅವನು ಕಂಡ ಉತ್ತರ ಆಟ. ಪ್ರತಿ ಕೆಲಸಕ್ಕೂ ಗಂಟೆಗೆ ಇಷ್ಟು ಬಿಡಿಭಾಗ ಎಂಬ ದರ ಇತ್ತು. ಅದರ ಶೇಕಡಾ 125 ಮುಟ್ಟಿದರೆ ಗೆದ್ದ ಹಾಗೆ. ಕೈಗೆ ಎಂಥ ಕೆಲಸ ಬರುತ್ತದೆ, ಉಪಕರಣಗಳ ಕೊಠಡಿಯವನು ಬೇಗ ಸಾಮಾನು ಕೊಡುತ್ತಾನೋ ಸತಾಯಿಸುತ್ತಾನೋ, ಯಂತ್ರ ಇವತ್ತು ಹೇಗಿದೆ, ಎಲ್ಲದರಲ್ಲೂ ಜೂಜಿನ ರುಚಿ. ಊಟದ ಹೊತ್ತಿನ ಮಾತೂ ಅದೇ, ಗೆದ್ದೆಯಾ ಸೋತೆಯಾ. ಅವನನ್ನೂ ಆ ಹುಚ್ಚು ಹಿಡಿಯಿತು. ಮಾರ್ಕ್ಸ್‌ನನ್ನು ಅರೆದು ಕುಡಿದವನು ಲಾಭ ಕಂಪನಿಗೆ ಎಂಬುದನ್ನು ಮರೆತು ಬೆವರು ಸುರಿಸಿ ಅಂಕದ ಹಿಂದೆ ಬಿದ್ದ. 1979ರಲ್ಲಿ ಪುಸ್ತಕ ಬರೆದಾಗ ಅವನು ತೆಗೆದ ಸಾರ ಇಷ್ಟು: ಆಟ ಆಡುತ್ತಿರುವ ಹೊತ್ತಿನಲ್ಲೇ ಆಟದ ನಿಯಮವನ್ನು ಪ್ರಶ್ನಿಸಲು ಯಾರಿಗೂ ಆಗುವುದಿಲ್ಲ. ಗೆಲ್ಲುವ ತವಕದಲ್ಲಿ ಈ ಕೆಲಸ ಯಾಕೆ, ಯಾರಿಗೆ, ಎಷ್ಟು ಎಂಬ ಪ್ರಶ್ನೆಗಳು ಉದುರಿಹೋಗುತ್ತವೆ.

ಅಂಕದಾಟ ಸೋಮಾರಿತನ ಕಳೆಯುತ್ತದೆ ಎನ್ನುವವರಿಗೆ ನನ್ನ ಉತ್ತರ ಇದೇ. ಅದು ಅದರ ಜೊತೆಗೆ ವಿಚಾರವನ್ನೂ ಕಳೆಯುತ್ತದೆ. ದಿನಕ್ಕೆ ಹನ್ನೊಂದು ಗಂಟೆ ಪರದೆಯ ಮುಂದೆ ಕೂರಿಸುವ ಉದ್ಯೋಗ ಸರಿಯೇ ಎಂದು ಕೇಳಬೇಕಾದವನು ಗಂಟೆಗೊಮ್ಮೆ ‘ಏಳು’ ಎನ್ನುವ ಗಡಿಯಾರಕ್ಕೆ ಎದ್ದು ನಿಂತು ಉಂಗುರ ಪೂರ್ತಿ ಮಾಡಿ ಮತ್ತೆ ಕೂರುತ್ತಾನೆ. ಹಾಗೆ ನೋಡಿದರೆ ಆ ಕಾರ್ಖಾನೆಯ ಜನ ನಮಗಿಂತ ಜಾಣರು. ಶೇಕಡಾ 140ರ ಮೇಲೆ ಅವರು ಲೆಕ್ಕ ಒಪ್ಪಿಸುತ್ತಿರಲಿಲ್ಲ, ಹೆಚ್ಚಾದದ್ದನ್ನು ಗುಟ್ಟಾಗಿ ನಾಳೆಗೆ ತೆಗೆದಿಡುತ್ತಿದ್ದರು. ಒಪ್ಪಿಸಿದರೆ ಮಾಲೀಕ ದರವನ್ನೇ ಬಿಗಿ ಮಾಡುತ್ತಾನೆಂದು ಅವರಿಗೆ ಗೊತ್ತಿತ್ತು. ನಾವೋ, 10,000 ಆದರೆ 12,000ಕ್ಕೆ ಏರಿಸಲೇ ಎಂದು ಗಡಿಯಾರ ಕೇಳಿದರೆ ಖುಷಿಯಿಂದ ಹೂಂ ಎನ್ನುತ್ತೇವೆ.

ಅಂಕದಾಟದ ಪರವಾಗಿ ಮಾತಾಡುವವರು ಯಾವಾಗಲೂ ಇನ್ನೊಬ್ಬ ಶಿಕಾಗೊದವರ ಹೆಸರನ್ನು ಜಪಿಸುತ್ತಾರೆ: ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ. ಹಂಗೆರಿ ಮೂಲದ ಈ ಮನಶ್ಶಾಸ್ತ್ರಜ್ಞ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದವರು, ಮೈಮರೆತು ಕೆಲಸದಲ್ಲಿ ಮುಳುಗುವ ಸ್ಥಿತಿಗೆ ‘ಫ್ಲೋ’ ಎಂದು ಹೆಸರಿಟ್ಟವರು. ಅವರ 1990ರ ಪುಸ್ತಕದಲ್ಲಿ ಒಬ್ಬ ಅಸೆಂಬ್ಲಿ ಲೈನಿನ ಕೆಲಸಗಾರ ಬರುತ್ತಾನೆ. 43 ಸೆಕೆಂಡಿನ ಒಂದೇ ಕೆಲಸ, ದಿನಕ್ಕೆ ಸುಮಾರು 600 ಸಲ. ಅವನು ತನಗೆ ತಾನೇ ಪಣ ಒಡ್ಡಿಕೊಂಡು, ಕೈಚಳಕ ತಿದ್ದಿಕೊಂಡು, ಅದನ್ನು 28 ಸೆಕೆಂಡಿಗೆ ಇಳಿಸಿದ. ನೋಡಿ, ಆಟ ಎಷ್ಟು ಒಳ್ಳೆಯದು ಎನ್ನುತ್ತಾರೆ. ಪೂರ್ತಿ ಓದಿ ಸ್ವಾಮಿ. ಆ ಆಟ ಅವನದು. ಪಣ, ನಿಯಮ, ಲೆಕ್ಕ ಎಲ್ಲ ಅವನವೇ. ಅದರ ಮಿತಿಯೂ ಅವನಿಗೆ ತಿಳಿದಿತ್ತು. ಕೈಚಳಕದ ಕೊನೆ ಮುಟ್ಟುವ ದಿನ ದೂರವಿಲ್ಲ ಎಂದು ಅವನು ಸಂಜೆ ಎಲೆಕ್ಟ್ರಾನಿಕ್ಸ್ ತರಗತಿಗೆ ಹೋಗುತ್ತಿದ್ದ. ಯಾವ ಹೊರಗಿನ ಬಹುಮಾನವೂ ಇಲ್ಲದೆ ಕೆಲಸದಲ್ಲೇ ಸಿಗುವ ಸುಖವನ್ನು ವಿವರಿಸಲು ಒಬ್ಬ ವಿದ್ವಾಂಸ ಜೀವ ತೇಯ್ದರೆ, ಅವರ ಹೆಸರಿನಲ್ಲೇ ಬಿಲ್ಲೆ, ವಜ್ರ, ಬೆಂಕಿಯ ಚಿತ್ರ ಮಾರುತ್ತಿದ್ದಾರೆ.

ದೊಡ್ಡವರು ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಿರಬಹುದಿತ್ತು. ಈ ಅಂಕದಾಟ ನಮ್ಮ ಕನ್ನಡ ತರಗತಿಗಳಿಗೂ ಬಂದಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದಂಥ ಹಳೆಯ ಸಂಘಗಳಿರುವ ಪ್ರದೇಶ ಇದು. 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ಅಕ್ಕ ಸಮ್ಮೇಳನ ನಡೆಯಿತು. ಎರಡು ಕಡೆಯೂ ಮುಂದಿನ ತಲೆಮಾರಿಗೆ ಕನ್ನಡ ಎಂಬುದೇ ಎಲ್ಲರ ಬಾಯಲ್ಲಿದ್ದ ಮಾತು. ವಾರಾಂತ್ಯದ ಒಂದು ಕನ್ನಡ ತರಗತಿಯಲ್ಲಿ, ಹೆಸರು ಬೇಡ, ನಡೆಸುವವರು ಸಂಬಳವಿಲ್ಲದೆ ದುಡಿಯುವ ಸಜ್ಜನರು, ಪದಕ್ಕೆ ಇಷ್ಟು ನಕ್ಷತ್ರ, ಗೋಡೆಯ ಮೇಲೆ ಯಾರು ಮುಂದೆ ಎಂಬ ಪಟ್ಟಿ ಶುರುವಾಯಿತು. ಮೊದಲ ತಿಂಗಳು ಉತ್ಸಾಹವೋ ಉತ್ಸಾಹ. ಮಕ್ಕಳು ಬುದ್ಧಿವಂತರು, ನಕ್ಷತ್ರದ ಅರ್ಥಶಾಸ್ತ್ರ ಅವರಿಗೆ ಎರಡೇ ವಾರದಲ್ಲಿ ತಿಳಿಯಿತು. ಅರಸ, ಅಗಸ, ಸರ, ಮರ ಬರೆದರೂ ಒಂದು ನಕ್ಷತ್ರ, ಒತ್ತಕ್ಷರದ ಪದ ಬರೆದರೂ ಒಂದು ನಕ್ಷತ್ರ. ಒತ್ತಕ್ಷರಕ್ಕೆ ಯಾರು ಕೈ ಹಾಕುತ್ತಾರೆ? ಪಟ್ಟಿಯ ತುದಿಯಲ್ಲಿದ್ದ ಹುಡುಗನಿಗೆ ಒಬ್ಬ ಅಜ್ಜಿ ‘ಏನಪ್ಪಾ, ತಿಂಡಿ ಆಯ್ತಾ?’ ಎಂದರೆ ಅವನು ಟೀಚರ್ ಮುಖ ನೋಡಿದ. ಆ ಪ್ರಶ್ನೆಗೆ ನಕ್ಷತ್ರ ಇರಲಿಲ್ಲ.

ಇದು ಹೀಗೇ ಆಗುತ್ತದೆ ಎಂದು 1973ರಲ್ಲೇ ಮೂವರು ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಅವರಲ್ಲೊಬ್ಬರಾದ ರಿಚರ್ಡ್ ನಿಸ್ಬೆಟ್ ನಮ್ಮ ಡೆಟ್ರಾಯಿಟ್ ಪಕ್ಕದ ಆ್ಯನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದವರು. ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದೆಂದರೆ ಪ್ರಾಣವಾಗಿದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ ಚಿತ್ರ ಬರೆದರೆ ಬಂಗಾರದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ಮೇಲೆ ಪ್ರಶಸ್ತಿಯಿಲ್ಲದೆ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರೆ, ಆಸೆ ಹಚ್ಚಿಸಿಕೊಂಡ ಮಕ್ಕಳು ಮಿಕ್ಕವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಏನೂ ಕೊಡದೆಯೇ ಬರೆಯುತ್ತಿದ್ದ ಮಕ್ಕಳು ಅವರು. ಕನ್ನಡ ನಮ್ಮ ಮಕ್ಕಳಿಗೆ ಪರೀಕ್ಷೆಗೆ ಬೇಡ, ಕಾಲೇಜಿಗೆ ಬೇಡ, ನೌಕರಿಗೆ ಬೇಡ. ಅದು ಉಳಿದರೆ ಅದರಲ್ಲೇ ಸಿಗುವ ಸುಖಕ್ಕೆ ಉಳಿಯಬೇಕು: ತಾತ ಹೇಳಿದ ಪೋಲಿ ಗಾದೆ ಅರ್ಥವಾಗುವ ಸುಖಕ್ಕೆ, ಅಪ್ಪ ಅಮ್ಮನ ಜಗಳದಲ್ಲಿ ಮೂಗು ತೂರಿಸುವ ಸುಖಕ್ಕೆ. ಆ ಒಂದು ಕಾರಣವನ್ನೂ ನಾವೇ ನಕ್ಷತ್ರಕ್ಕೆ ಮಾರಿದರೆ ಉಳಿಯುವುದೇನು? ಅತಿ ಹೆಸರಾದ ಭಾಷಾ ಕಲಿಕೆಯ ಆ್ಯಪ್‌ನಲ್ಲಿ ಕಲ್ಪಿತ ಭಾಷೆಯಾದ ಕ್ಲಿಂಗಾನ್ ಇದೆ, ಕೋಟಿಗಟ್ಟಲೆ ಜನ ಆಡುವ ಕನ್ನಡ ಕಲಿಸುವ ಪಾಠ ಇಲ್ಲ ಎಂದು ನಮ್ಮವರು ಮುನಿಸಿಕೊಳ್ಳುತ್ತಾರೆ. ನಾನು ಮುನಿಯುವುದಿಲ್ಲ.

ಇಲ್ಲಿ ಒಬ್ಬರು ಹಿರಿಯರು ನನ್ನನ್ನು ತಡೆದರು. ನಮ್ಮಲ್ಲಿ ಲೆಕ್ಕ ಇರಲಿಲ್ಲವೇ? ರಾಮಕೋಟಿ ಬರೆಯುವುದು ಏನು? ಜಪಮಾಲೆಯ 108 ಮಣಿ ಏನು? ಹದಿನಾರು ಸೋಮವಾರದ ವ್ರತ, 48 ದಿನದ ಮಂಡಲ, ಇವೆಲ್ಲ ನೀನು ಬೈಯುವ ಸರಪಳಿಯಲ್ಲವೇ? ಒಳ್ಳೆಯ ಪ್ರಶ್ನೆ. ಸರಪಳಿಯೇ ಸರಿ. ಆದರೆ ಹದಿನಾರು ಸೋಮವಾರ ಎಂದರೆ ಹದಿನಾರು. ಹದಿನೇಳನೆಯದಕ್ಕೆ ಉದ್ಯಾಪನೆ: ದಂಪತಿಗಳನ್ನು ಕರೆದು, ಬಡಿಸಿ, ತಾಂಬೂಲ ಕೊಟ್ಟು ಕಳಿಸಿದರೆ ಮುಗಿಯಿತು. ನಡುವೆ ಸೂತಕ ಬಂದರೆ, ಮೈಲಿಗೆಯಾದರೆ, ಜ್ವರ ಬಂದರೆ ಏನು ಮಾಡಬೇಕೆಂದು ಮನೆಯ ಹಿರಿಯ ಹೆಂಗಸು ಹೇಳುತ್ತಿದ್ದಳು. ಬಿಟ್ಟುಹೋದ ವಾರವನ್ನು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು, ಮಾಡಿದ ವಾರಗಳು ಹಾಳಾಗುತ್ತಿರಲಿಲ್ಲ. ಆ್ಯಪ್‌ನ ಸರಪಳಿಗೆ ಕೊನೆಯೇ ಇಲ್ಲ. ಅಪ್ಪ ತೀರಿಕೊಂಡರೆಂದು ದುಬೈ ಮೇಲೆ ಬೆಂಗಳೂರಿಗೆ ಹೊರಟವನಿಗೆ ವಿಮಾನದಲ್ಲಿ ಒಂದು ದಿನ ತಪ್ಪಿದರೆ, ಮೂರು ವರ್ಷದ ಲೆಕ್ಕ ಸೊನ್ನೆ. ತಪ್ಪಬಾರದೆಂದರೆ ಮೊದಲೇ ರಕ್ಷೆ ಕೊಂಡಿಟ್ಟಿರಬೇಕು. ಆಟದ ವಜ್ರ ಕೊಟ್ಟರೆ ಸಿಗುತ್ತದೆ. ಕೊನೆಯಿದ್ದರೆ ಗಿರಾಕಿ ಎದ್ದುಹೋಗುತ್ತಾನೆ, ಅದಕ್ಕೇ ಇದರಲ್ಲಿ ಉದ್ಯಾಪನೆ ಇಟ್ಟಿಲ್ಲ.

ನಮಗೆ ಇದೆಲ್ಲ ಹವ್ಯಾಸ, ಬೇಡವಾದರೆ ಅಳಿಸಬಹುದು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಬಾಗಿಲಿಗೆ ಮಸಾಲೆದೋಸೆ ತಂದುಕೊಡುವ ಹುಡುಗನಿಗೆ ಹಾಗಲ್ಲ. ಅವನ ಫೋನಿನಲ್ಲೂ ಗುರಿಯಿದೆ, ಇಂತಿಷ್ಟು ಆರ್ಡರ್ ಮುಟ್ಟಿಸಿದರೆ ಇನ್ಸೆಂಟಿವ್. ಒಂದೆರಡು ಬಾಕಿಯಿರುವಾಗ ಮಳೆಯಲ್ಲಿ ಸಿಲ್ಕ್ ಬೋರ್ಡ್ ಕಡೆಗೆ ಬೈಕ್ ತಿರುಗಿಸುವವನು ಆಟವಾಡುತ್ತಿದ್ದಾನೆ ಎಂದು ಯಾರಾದರೂ ಹೇಳಿಯಾರೆ? ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಕಾನೂನು ತಂದಿತು. ಕೆಲಸಗಾರನ ಮೇಲೆ ನಿಗಾ ಇಡುವ, ತೀರ್ಮಾನ ಮಾಡುವ ತಂತ್ರಾಂಶ ಹೇಗೆ ನಡೆಯುತ್ತದೆಂದು ಕಂಪನಿ ಅವನಿಗೆ ತಿಳಿಸಬೇಕು ಎಂಬುದೂ ಅದರಲ್ಲಿ ಸೇರಿದೆ. ಆಟದ ನಿಯಮ ಆಡುವವನಿಗೆ ಗೊತ್ತಿರಬೇಕು ಎನ್ನುವುದಕ್ಕೆ ವಿಧಾನಸೌಧದವರೆಗೆ ಹೋಗಬೇಕಾಯಿತು. ದೋಸೆ ತಣ್ಣಗಿತ್ತೆಂದು ನಾವು ಮೂರು ನಕ್ಷತ್ರ ಒತ್ತುತ್ತೇವಲ್ಲ, ಆ ಗಳಿಗೆಯಲ್ಲಿ ಹೈಲ್ಯಾಂಡ್ ಪಾರ್ಕಿನ ತನಿಖೆದಾರ ನಾವೇ. ಬಡವನ ಮನೆ ಬಾಗಿಲಿಗೆ ಹೋಗುವ ಕಷ್ಟವೂ ನಮಗಿಲ್ಲ, ಅವನೇ ನಮ್ಮ ಬಾಗಿಲಿಗೆ ಬಂದಿರುತ್ತಾನೆ.

ಮಾಡಬೇಕಾದ್ದೇನು ಎಂದು ಕೇಳುವವರಿಗೆ: ಕನ್ನಡ ತರಗತಿಯ ಗೋಡೆಯಿಂದ ಪಟ್ಟಿ ಇಳಿಸಿ. ದೋಸೆಯ ಹುಡುಗನಿಗೆ ಕಣ್ಣು ಮುಚ್ಚಿ ಐದು ಒತ್ತಿ. ಕೂಟದ ಹೆಜ್ಜೆ ಸ್ಪರ್ಧೆಯ ಬದಲು ನಾಲ್ಕು ಜನ ವುಡ್‌ಫೀಲ್ಡ್ ಮಾಲ್‌ನಲ್ಲೋ ಟ್ವೆಲ್ವ್ ಓಕ್ಸ್‌ನಲ್ಲೋ ಹರಟುತ್ತಾ ನಡೆಯಿರಿ, ಹರಟೆ ಮುಗಿದಾಗ ನಿಲ್ಲಿಸಿ. ಸರಪಳಿ ಕಟ್ಟಿಕೊಂಡವರಿಗೆ ಟ್ರಾಯ್ ಊರಿನ ನನ್ನ ಪರಿಚಯದವರೊಬ್ಬರು ದಾರಿ ತೋರಿಸಿದ್ದಾರೆ. ಅವರದು 900 ದಿನ ದಾಟಿದ ಧ್ಯಾನದ ಸರಪಳಿ. ಕಳೆದ ಚಳಿಗಾಲದ ಒಂದು ಭಾನುವಾರ ಐದು ದಂಪತಿಗಳನ್ನು ಕರೆದರು, ಒಬ್ಬಟ್ಟು ಮಾಡಿಸಿದರು, ಎಲೆ ಹಾಕಿ ಬಡಿಸಿದರು, ತಾಂಬೂಲ ಕೊಡುವ ಮೊದಲು ಎಲ್ಲರ ಎದುರು ಆ್ಯಪ್ ಅಳಿಸಿ ಫೋನನ್ನು ದೇವರ ಮುಂದಿಟ್ಟರು. ಈಗಲೂ ಧ್ಯಾನಕ್ಕೆ ಕೂರುತ್ತಾರೆ, ಕೂರದ ದಿನವೂ ಇರುತ್ತದೆ. ಬರುವ ತಿಂಗಳು ಅರೋರಾದಲ್ಲಿ ಇನ್ನೊಂದು ಉದ್ಯಾಪನೆ ಇದೆ, 412 ದಿನದ್ದು. ನನಗೆ ಕೋಸಂಬರಿ ಮಾಡಿಕೊಂಡು ಬರಲು ಹೇಳಿದ್ದಾರೆ.